ಬೇಲಿ ದಾಟಿದ ಲಂಟಾನ

ಊರಂಚಿನ ಬದುಗಳಲ್ಲಿ ಇಂದು ಕಾಡುಗಿಡವೆಂದೇ ಎಣಿಸಲ್ಪಡುವ ಲಂಟಾನವು ಮೂಲತಃ ಅಮೆರಿಕದ ಉಷ್ಣವಲಯಕ್ಕೆ ಸೇರಿದ್ದು, 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು, ಬೇಲಿಯ ಗಿಡವಾಗಿ ದೇಶದ ಉದ್ದಗಲಕ್ಕೂ ಹಬ್ಬಿತು. ಅದರ ಗೊಂಚಲಿನಲ್ಲಿ ಹೊರಸುತ್ತಿನ ಹೂಗಳು ಮೊದಲು ಅರಳಿ, ಹಳದಿಯಿಂದ ಕಿತ್ತಳೆಗೂ ಕೆಂಪಿಗೂ ತಿರುಗುವುದರಿಂದ, ಚಿಟ್ಟೆಯು ಮುದಿ ಹೂಗಳನ್ನು ಬಿಟ್ಟು, ಮಕರಂದವಿರುವ ನಡುವಿನ ಹಳದಿ ಹೂಗಳಿಗೇ ತನ್ನ ಸುರುಳಿ ಹೀರುನಳಿಕೆಯನ್ನು ಇಳಿಸುತ್ತದೆ. ಪರಾಗಸ್ಪರ್ಶ, ಅಂದರೆ ಹೂವಿನಿಂದ ಹೂವಿಗೆ ಪರಾಗದ ಸಾಗಣೆ, ಹೀಗೆ ನಡೆದು ಕಟ್ಟಿದ ಕಪ್ಪು ಹಣ್ಣುಗಳನ್ನು ತಿಂದ ಪಿಕಳಾರಗಳು ಬೀಜವನ್ನು ಕಾಡಿನೊಳಕ್ಕೆ ಒಯ್ದವು. ಪರದೇಶದ ಗಿಡಕ್ಕೆ ಊರಿನ ಹಕ್ಕಿಗಳೇ ದಾರಿ ಮಾಡಿಕೊಟ್ಟವೆನ್ನಬೇಕು. ಕೀಟತಜ್ಞ ವೈ. ರಾಮಚಂದ್ರ ರಾವ್ ಲಂಟಾನವನ್ನು ತಿನ್ನುವ ದೇಶೀಯ ಕೀಟಗಳ ಸಮೀಕ್ಷೆ ನಡೆಸಿ 1920ರಲ್ಲಿ ಅದನ್ನು ಪ್ರಕಟಿಸಿದರು. ಜೈವಿಕ ನಿಯಂತ್ರಣವೆಂಬ, ಕಳೆಯನ್ನು ಅದರ ಶತ್ರುಕೀಟದಿಂದಲೇ ಅಡಗಿಸುವ ಕ್ರಮವನ್ನು ಅನುಸರಿಸಿ, 1921ರಲ್ಲಿ ಹಣ್ಣು ಕೊರೆಯುವ ನೊಣವೊಂದನ್ನು ಹವಾಯಿಯಿಂದ ತರಿಸಲಾಯಿತು. ನೊಣ ನೆಲೆಯೂರಿತಾದರೂ ಗಿಡ ಜಗ್ಗಲಿಲ್ಲ. ಬಂಡೀಪುರ, ಬಿಳಿಗಿರಿರಂಗನಬೆಟ್ಟಗಳ ಅಡಿಗಾಡನ್ನು ಅದು ಇಂದಿಗೂ ಆಳುತ್ತಿದ್ದು, ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಅದರ ಕಾಂಡದಿಂದ ಪೀಠೋಪಕರಣ ಹೆಣೆಯುತ್ತಾರೆ.