ಮಿದುಳು, ಮಾತು ಮತ್ತು ಮನೆ: ಮನೋಚಿಕಿತ್ಸೆಯ ಚರಿತ್ರೆಯಿಂದ ಪಾಲನಾ ಸೇವೆಗೆ ಕೆಲವು ಪಾಠಗಳು

ಕಲಬುರಗಿ ನಗರಕ್ಕೆ ಹೊಂದಿಕೊಂಡ ನಂದೂರ ಗ್ರಾಮದ ಆಸುಪಾಸಿನಲ್ಲಿ ಮನೋವ್ಯಾಧಿಯಿಂದ ನೊಂದವರು ಗುರುಗಳ ಬಾಗಿಲಿಗೆ ಬರುವ ಹೊತ್ತಿಗೆ ಅವರ ಹಿಂದೆ ಒಂದು ದೀರ್ಘ ಅಲೆದಾಟವಿರುತ್ತದೆ. ಕೆಲವರು ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಹೋಗಿ ಬಂದಿರುತ್ತಾರೆ. ಕೆಲವರು ಬಂದೇನವಾಜರ ದರ್ಗಾದಲ್ಲಿ ಹರಕೆ ಹೊತ್ತಿರುತ್ತಾರೆ. ಇನ್ನು ಕೆಲವರು ಪ್ರಾರ್ಥನಾಕೂಟಗಳಲ್ಲಿ ರಾತ್ರಿ ಕಳೆದಿರುತ್ತಾರೆ. ವರ್ಷಗಳ ಹಿಂದೆ ಕಮಲಾಪುರದ ಕಡೆಯ ತಾಯಿಯೊಬ್ಬರು ಮಗನನ್ನು ನಮ್ಮ ಬಳಿಗೆ ಕರೆತಂದರು. ಪ್ರಾರ್ಥನೆ ಆರಂಭಿಸಿದ ಮೇಲೆ ಮಾತ್ರೆ ನಿಲ್ಲಿಸಿದ್ದೇವೆಂದು ಅವರು ಸಂತೋಷದಿಂದಲೇ ಹೇಳಿದರು. ನಾವು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ಆಶೀರ್ವದಿಸಿ ಕಳುಹಿಸಿದೆವು. ಮಾತ್ರೆಯ ಕುರಿತು ಒಂದು ಮಾತನ್ನೂ ಆಡಲಿಲ್ಲ. ಕೆಲವೇ ವಾರಗಳಲ್ಲಿ ಆ ಯುವಕನ ರೋಗ ಮರುಕಳಿಸಿತು. ಅಂದಿನ ನಮ್ಮ ಮೌನವೇ ಈ ಲೇಖನಕ್ಕೆ ಕಾರಣ. ಗುರುಮಠದಲ್ಲಿ ದೈವಶಾಸ್ತ್ರ ಬೋಧಿಸುವ ನಾವು ತಿಳಿದಿರಬೇಕಾಗಿದ್ದ ಯಾವ ಚರಿತ್ರೆಯನ್ನು ಅಂದು ತಿಳಿದಿರಲಿಲ್ಲ?

ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ರಾಜ್ಯದಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ತೆರೆದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಬಂಧನದ ಸ್ಥಳ ಚಿಕಿತ್ಸೆಯ ಸ್ಥಳವಾಗಬೇಕೆಂಬ ಆಶಯ ಹೆಸರಿನಲ್ಲಿತ್ತು. ಸಾಧನಗಳು ಮಾತ್ರ ಅತ್ಯಲ್ಪವಾಗಿದ್ದವು. ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1935ರಲ್ಲಿ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. 1949ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವೂ ಸಂದಿತು. ಭಾರತೀಯ ರೋಗಿಗಳ ಮೇಲೆ ನಡೆದ ಅದೇ ಶಸ್ತ್ರಕ್ರಿಯೆಯ ಕುರಿತು ಬೆಂಗಳೂರಿನ ಡಾ. ಎಂ. ವಿ. ಗೋವಿಂದಸ್ವಾಮಿ ಮತ್ತು ಡಾ. ಬಿ. ಎನ್. ಬಾಲಕೃಷ್ಣ ರಾವ್ 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಪರಿಣಾಮಕಾರಿ ಔಷಧಗಳೇ ಇಲ್ಲದಿದ್ದ ಕಾಲದ ವೈದ್ಯರನ್ನು ಇಂದಿನ ತಿಳಿವಳಿಕೆಯಿಂದ ಅಳೆಯುವುದು ನ್ಯಾಯವಲ್ಲ. ಆದರೂ ಜಗತ್ತು ಕ್ರಮೇಣ ಆ ಮಾರ್ಗವನ್ನು ಕೈಬಿಟ್ಟಿತು. ಮಿದುಳನ್ನಷ್ಟೇ ಕಂಡ ಕಣ್ಣಿಗೆ ಮನುಷ್ಯನು ಮರೆಯಾಗಬಹುದೆಂಬ ಎಚ್ಚರಿಕೆಯನ್ನು ಆ ಅಧ್ಯಾಯ ಬಿಟ್ಟುಹೋಗಿದೆ.

ಮತ್ತೊಂದು ಧಾರೆ ಮಾತಿನದು. ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಮನಸ್ಸನ್ನು ನರಕೋಶಗಳ ಮೂಲಕ ವಿವರಿಸಲು ಹೊರಟು, ಆ ಬರಹವನ್ನು ಪ್ರಕಟಿಸದೆಯೇ ಬಿಟ್ಟರು. ಅಂದಿನ ನರವಿಜ್ಞಾನ ಅದಕ್ಕೆ ಸಾಲುತ್ತಿರಲಿಲ್ಲ. ಮುಂದೆ ಅವರು ಮಾತಿನ ಚಿಕಿತ್ಸೆಯನ್ನು ಬೆಳೆಸಿದರು. ಸ್ವಿಟ್ಜರ್ಲೆಂಡಿನ ಪಾಸ್ಟರ್ ಆಸ್ಕರ್ ಫಿಸ್ಟರ್ 1909ರಿಂದ ಮೂರು ದಶಕಗಳ ಕಾಲ ಅವರೊಡನೆ ಪತ್ರ ಸಂವಾದ ನಡೆಸಿದರು. ಆಲಿಸುವ ಸ್ವೀಕಾರಭಾವವನ್ನೇ ಚಿಕಿತ್ಸೆಯ ಕೇಂದ್ರವಾಗಿಸಿದ ಕಾರ್ಲ್ ರೋಜರ್ಸ್ ಮೊದಲು ಓದಿದ್ದು ದೈವಶಾಸ್ತ್ರದ ವಿದ್ಯಾಪೀಠದಲ್ಲಿ. ತರುವಾಯ ಆರನ್ ಬೆಕ್ ಖಿನ್ನತೆಯ ಹಿಂದಿರುವ ಆಲೋಚನಾ ಕ್ರಮವನ್ನು ತಿದ್ದುವ ಮಾರ್ಗ ತೋರಿದರು. ಪಂಥಗಳು ಹಲವಾದರೂ ಅವುಗಳ ಫಲಕ್ಕೆ ಸಮಾನವಾದ ಅಂಶಗಳು ಕಾರಣವಾಗಿರಬಹುದೆಂದು ಸಾಲ್ ರೋಸೆನ್‌ಜ್ವೈಗ್ 1936ರಲ್ಲಿಯೇ ಸೂಚಿಸಿದ್ದರು. ಚಿಕಿತ್ಸಕನಿಗೂ ರೋಗಿಗೂ ನಡುವಿನ ವಿಶ್ವಾಸದ ಸಂಬಂಧ ಅವುಗಳಲ್ಲಿ ಪ್ರಮುಖವಾದುದು.

ಈ ಎರಡು ಧಾರೆಗಳು ನಮ್ಮಲ್ಲಿ ಒಂದೇ ಅಂಗಳಕ್ಕೆ ಬಂದವು. 1954ರಲ್ಲಿ ಬೆಂಗಳೂರಿನಲ್ಲಿ ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲಿ ಜೊತೆಯಲ್ಲಿ ತರಬೇತಿ ಪಡೆಯತೊಡಗಿದರು. 1974ರಲ್ಲಿ ಆ ಸಂಸ್ಥೆಯೂ ಹಳೆಯ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಮಾನಸಿಕ ಆರೋಗ್ಯ, ನರವಿಜ್ಞಾನ ಎಂಬ ಎರಡೂ ಪದಗಳು ಅದರ ಹೆಸರಿನಲ್ಲಿಯೇ ಕೂಡಿವೆ. ಅದೇ ದಶಕದ ಕೊನೆಗೆ, 1979ರಲ್ಲಿ, ಅಮೆರಿಕದ ಎರಿಕ್ ಕ್ಯಾಂಡೆಲ್ ಮನೋಚಿಕಿತ್ಸೆಯನ್ನೂ ನರಕೋಶಗಳ ಸಂಧಿಯನ್ನೂ ಜೋಡಿಸಿ ಪ್ರಬಂಧ ಬರೆದರು. ಕಲಿಕೆಯು ನರಕೋಶಗಳ ನಡುವಿನ ಸಂಪರ್ಕವನ್ನೇ ಬದಲಿಸುತ್ತದೆಂದು ಅವರು ಕಡಲ ಬಸವನಹುಳುವಿನಲ್ಲಿ ಕಂಡುಕೊಂಡಿದ್ದರು. 1992ರಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಗೀಳುರೋಗಿಗಳ ಮಿದುಳಿನ ಚಿತ್ರಗಳನ್ನು ಪರೀಕ್ಷಿಸಿದರು. ಔಷಧದಿಂದ ಗುಣ ಕಂಡವರಲ್ಲಿಯೂ ವರ್ತನಾ ಚಿಕಿತ್ಸೆಯಿಂದ ಗುಣ ಕಂಡವರಲ್ಲಿಯೂ ಮಿದುಳಿನ ಒಂದೇ ಭಾಗದಲ್ಲಿ ಹೋಲುವ ಬದಲಾವಣೆ ಕಂಡುಬಂದಿತು. ಮಾತು ಮತ್ತು ಅಭ್ಯಾಸಗಳೂ ದೇಹವನ್ನು ಮುಟ್ಟುತ್ತವೆ. ಹಾಗೆಂದು ಎಲ್ಲೆಡೆ ಮಾತು ಔಷಧದ ಸ್ಥಾನ ಹಿಡಿಯಲಾರದು: ಸ್ಕಿಜೋಫ್ರೇನಿಯಾದಂಥ ವ್ಯಾಧಿಗಳಲ್ಲಿ ಮಾತ್ರೆಯೇ ಮೊದಲ ಆಧಾರ, ಮಾತು ಅದರ ಜೊತೆಗಾರ.

ಗೀಳುರೋಗವು ನಮ್ಮ ಪಾಪನಿವೇದನೆಯ ಪೀಠದವರೆಗೂ ಬರುತ್ತದೆ. ಲೊಯೋಲದ ಸಂತ ಇಗ್ನಾಸಿಯವರು 1522ರ ಸುಮಾರಿಗೆ ಮನ್ರೇಸಾದಲ್ಲಿ ಅತಿಯಾದ ಪಾಪಶಂಕೆಗೆ ಸಿಲುಕಿ, ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿರ್ಧರಿಸಿದಾಗ ಬಿಡುಗಡೆ ಕಂಡರು. ಸಂತರ ಅನುಭವಕ್ಕೆ ರೋಗದ ಹೆಸರಿಡುವುದು ನಮ್ಮ ಕೆಲಸವಲ್ಲ. ಆದರೆ ವರ್ತನಾ ಚಿಕಿತ್ಸೆಯೂ ಇದನ್ನೇ ಹೋಲುವ ಮಾತನ್ನು ಹೇಳುತ್ತದೆ: ಪದೇ ಪದೇ ನೀಡುವ ಸಮಾಧಾನ ಗೀಳನ್ನು ಪೋಷಿಸುತ್ತದೆ. ಕರುಣೆಯಿಂದಲೇ ಪ್ರತಿದಿನವೂ ಅದೇ ನಿವೇದನೆಯನ್ನು ಕೇಳುವ ಗುರು ಅರಿಯದೆ ವ್ಯಾಧಿಯನ್ನು ಬೆಳೆಸಬಹುದು. ನಿವೇದನೆಯ ಗೌಪ್ಯಕ್ಕೆ ಚ್ಯುತಿ ಬಾರದಂತೆ ಅಂಥವರನ್ನು ಚಿಕಿತ್ಸಕರ ಬಳಿಗೆ ಹೋಗಲು ಪ್ರೇರೇಪಿಸುವುದೇ ನಿಜವಾದ ಕರುಣೆ.

ಮೂರನೆಯ ಪಾಠ ಮನೆಯದು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳೊಡನೆ ಅವರ ಕುಟುಂಬದವರನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡರು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ನೀಡಿ ಚಿಕಿತ್ಸೆಯನ್ನು ಹಳ್ಳಿಗಳಿಗೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಯೇಸುಸಭೆಯ ಗುರು ಹ್ಯಾಂಕ್ ನನ್ 1979ರಲ್ಲಿ ಬೆಂಗಳೂರಿನಲ್ಲಿ ಆತ್ಮಶಕ್ತಿ ವಿದ್ಯಾಲಯವನ್ನು ಸ್ಥಾಪಿಸಿ, ಒಟ್ಟಾಗಿ ಬಾಳುವುದನ್ನೇ ಚಿಕಿತ್ಸೆಯ ಭಾಗವಾಗಿಸಿದರು.

ಪುಣ್ಯಕ್ಷೇತ್ರಗಳನ್ನು ಹಗುರವಾಗಿ ಕಾಣುವುದೂ ಸಲ್ಲದು. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ರೋಗಿಗಳನ್ನು ಅಧ್ಯಯನ ಮಾಡಿ, ಆ ಆಪ್ತ ವಾತಾವರಣದಲ್ಲಿ ರೋಗಲಕ್ಷಣಗಳು ಇಳಿದುದನ್ನು 2002ರಲ್ಲಿ ವರದಿ ಮಾಡಿದರು. ಆದರೆ ಅದರ ಹಿಂದಿನ ವರ್ಷವಷ್ಟೇ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯಲ್ಲಿ ಸರಪಳಿಯಿಂದ ಬಿಗಿದಿದ್ದ ರೋಗಿಗಳು ಬೆಂಕಿಗೆ ಸಿಕ್ಕು, 28 ಜನ ಅಸುನೀಗಿದರು. ಆಸರೆ ಗುಣಪಡಿಸಬಲ್ಲದು, ಸರಪಳಿ ಕೊಲ್ಲುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. 1953ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಮನೋಚಿಕಿತ್ಸಕರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಬಂದವರನ್ನು ಉದ್ದೇಶಿಸಿ ಮಾತನಾಡಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ತನ್ನ ಪಾಲನಾ ಸಂವಿಧಾನದಲ್ಲಿ, ಪಾಲನಾ ಸೇವೆಯು ಮನಶ್ಶಾಸ್ತ್ರ ಹಾಗೂ ಸಮಾಜಶಾಸ್ತ್ರಗಳ ಶೋಧನೆಗಳನ್ನೂ ಬಳಸಿಕೊಳ್ಳಬೇಕೆಂದು ಬೋಧಿಸಿತು. ದೈವಕೃಪೆ ಮಾನವ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ನಮ್ಮ ಪರಂಪರೆಯ ನಂಬಿಕೆ. ಮಿದುಳೂ ಆ ಸ್ವಭಾವದ ಅಂಗವೇ.

ಆದುದರಿಂದ ನಂದೂರ, ಕಮಲಾಪುರಗಳಂಥ ಊರುಗಳಲ್ಲಿ ಸೇವೆಗೆ ಸಿದ್ಧರಾಗುತ್ತಿರುವ ಗುರುಮಠದ ಸಹೋದರರಿಗೆ ನಾವು ಹೇಳುವುದಿಷ್ಟು: ಪ್ರಾರ್ಥಿಸುವ ಮುನ್ನ ಆಲಿಸಿರಿ, ಪ್ರಾರ್ಥಿಸಿದ ಮೇಲೆ ಮಾತ್ರೆಯ ಬಗ್ಗೆ ಕೇಳಿರಿ, ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದೆಂದು ಸ್ಪಷ್ಟವಾಗಿ ಹೇಳಿರಿ, ಅಗತ್ಯವಿದ್ದರೆ ಜಿಲ್ಲಾಸ್ಪತ್ರೆಯವರೆಗೆ ಜೊತೆಯಲ್ಲಿ ಹೋಗಿರಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಧರ್ಮಕೇಂದ್ರದ ಬಾಗಿಲಲ್ಲಿ ಬರೆದಿಡಿರಿ.

ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನನ್ನು ಜನರು ಸರಪಳಿಗಳಿಂದ ಬಂಧಿಸಲೆತ್ನಿಸಿದ್ದರೆಂದು ಸಂತ ಮಾರ್ಕನ ಶುಭಸಂದೇಶ ತಿಳಿಸುತ್ತದೆ. ಪ್ರಭು ಅವನನ್ನು ಹೆಸರು ಕೇಳಿ ಮಾತನಾಡಿಸಿದರು, ಬಿಡುಗಡೆ ಮಾಡಿದರು. ಹಿಂಬಾಲಿಸಲು ಬೇಡಿಕೊಂಡವನನ್ನು ಅವನ ಮನೆಯವರ ಬಳಿಗೇ ಕಳುಹಿಸಿದರು. ಕಮಲಾಪುರದ ಆ ತಾಯಿಯೂ ಮಗನನ್ನು ಕರೆತಂದದ್ದು ಅಂಥ ಮರಳುವಿಕೆಯ ಆಸೆಯಿಂದಲೇ. ಮುಂದೆ ಬರುವ ತಾಯಂದಿರಿಗಾದರೂ ನಮ್ಮಿಂದ ಆ ಮೌನ ಮರುಕಳಿಸದಿರಲಿ.