ಹಳಗನ್ನಡ ಕಾವ್ಯಗಳಲ್ಲಿ ವೀರಾದರ್ಶ

ಹಳಗನ್ನಡ ಕಾವ್ಯಗಳು ಶೌರ್ಯ, ತ್ಯಾಗ, ಸ್ವಾಮಿನಿಷ್ಠೆ ಮತ್ತು ಕೊಟ್ಟ ಮಾತಿನ ಪಾಲನೆಯನ್ನು ವೀರನ ಮುಖ್ಯ ಗುಣಗಳೆಂದು ಚಿತ್ರಿಸುತ್ತವೆ. ಈ ಆದರ್ಶವನ್ನು ಮಧ್ಯಯುಗದ ಯುರೋಪಿನ ನೈಟ್‌ಗಳ ಸಾಹಸಕಥನಗಳೊಂದಿಗೆ ಹೋಲಿಸಬಹುದು.

ಹಿನ್ನೆಲೆ

ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚಿತವಾಯಿತು. ಅಂದಿನ ಅರಸರು ಸಾಮಂತರ ಸೇನಾಬಲವನ್ನು ಅವಲಂಬಿಸಿದ್ದರಿಂದ ಒಡೆಯ ಮತ್ತು ಆಳಿನ ನಡುವಿನ ನಂಬಿಕೆಗೆ ಹೆಚ್ಚಿನ ಬೆಲೆಯಿತ್ತು. ಉಂಡ ಅನ್ನದ ಋಣ ತೀರಿಸಲು ಹೋರಾಡುವುದನ್ನು ‘ಜೋಳವಾಳಿ’ ಎಂದೂ ಒಡೆಯನಿಗಾಗಿ ಪ್ರಾಣ ಕೊಡುವ ಪ್ರತಿಜ್ಞೆಯನ್ನು ‘ವೇಳೆವಾಳಿ’ ಎಂದೂ ಕರೆಯುತ್ತಿದ್ದರು. ಕಾಳಗದಲ್ಲಿ ಮಡಿದವರ ನೆನಪಿಗೆ ವೀರಗಲ್ಲುಗಳನ್ನು ನಿಲ್ಲಿಸಲಾಗುತ್ತಿತ್ತು. ಸಾಮಾನ್ಯವಾಗಿ ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟವೂ ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರೂ ಮೇಲೆ ದೇವಸನ್ನಿಧಿಯೂ ಇರುತ್ತವೆ.

ಕಾವ್ಯಗಳಲ್ಲಿ ವೀರರು

ರಾಷ್ಟ್ರಕೂಟರ ಸಾಮಂತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ಕವಿಯೂ ಯೋಧನೂ ಆಗಿದ್ದನು. 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವನು ತನ್ನ ದೊರೆಯನ್ನು ಅರ್ಜುನನೊಂದಿಗೆ ಅಭೇದವಾಗಿ ಕಂಡನು. ಆದರೂ ಅವನು ಕರ್ಣನ ಸತ್ಯ ಮತ್ತು ತ್ಯಾಗವನ್ನು ಎತ್ತಿ ಹೊಗಳುತ್ತಾನೆ. ಕರ್ಣನು ಜನ್ಮರಹಸ್ಯ ತಿಳಿದ ಮೇಲೂ ದುರ್ಯೋಧನನನ್ನು ತೊರೆಯುವುದಿಲ್ಲ.

ಕಲ್ಯಾಣದ ಚಾಲುಕ್ಯರ ಕವಿ ರನ್ನನು ‘ಗದಾಯುದ್ಧ’ದಲ್ಲಿ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದನು. ಆದರೆ ಆ ಕಾವ್ಯದಲ್ಲಿ ಓದುಗರ ಮನಸ್ಸನ್ನು ಹೆಚ್ಚು ಸೆಳೆಯುವವನು ಸೋಲುವ ದುರ್ಯೋಧನ. ರಣರಂಗದಲ್ಲಿ ಬಿದ್ದಿರುವ ತನ್ನವರಿಗಾಗಿ ಶೋಕಿಸುವ ಅವನು ಶತ್ರುಪಕ್ಷದ ಅಭಿಮನ್ಯುವಿನ ಪರಾಕ್ರಮವನ್ನೂ ಮೆಚ್ಚುತ್ತಾನೆ.

ಆಕರ್ಷಣೆಯ ಕಾರಣ

ಆಸ್ಥಾನಕವಿಯು ಗೆದ್ದ ದೊರೆಯನ್ನು ಕೀರ್ತಿಸಬೇಕಿತ್ತು. ಕಾವ್ಯದ ಕರುಣೆಯಾದರೋ ಸೋತವನ ಕಡೆಗೂ ಹರಿಯಿತು. ಗೆಲುವಿನ ಆಸೆ ಉಳಿಯದಿದ್ದಾಗಲೂ ಮಾತಿಗೆ ತಪ್ಪದಿರುವುದೇ ಇಂತಹ ವೀರನ ಹಿರಿಮೆ. 12ನೆಯ ಶತಮಾನದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರ್ವಾ ಚಿತ್ರಿಸಿದ ಲ್ಯಾನ್ಸಲಾಟ್, ದೊರೆ ಆರ್ಥರನ ಮೇಲಿನ ನಿಷ್ಠೆ ಮತ್ತು ರಾಣಿಯ ಮೇಲಿನ ಪ್ರೇಮಗಳ ನಡುವೆ ಸಿಲುಕುತ್ತಾನೆ. ಕರ್ಣನ ಇಕ್ಕಟ್ಟು ಒಡಹುಟ್ಟಿದವರು ಮತ್ತು ಅನ್ನವಿತ್ತ ಗೆಳೆಯನ ನಡುವಿನದು. ಒಂದು ಕರ್ತವ್ಯವನ್ನು ಪಾಲಿಸಿದರೆ ಇನ್ನೊಂದಕ್ಕೆ ಎರವಾಗುವ ಈ ಸ್ಥಿತಿಯು ರಾಜ್ಯಗಳು ಅಳಿದ ಮೇಲೂ ಓದುಗರಿಗೆ ಹತ್ತಿರವಾಗಿಯೇ ಉಳಿದಿದೆ. ಆಧುನಿಕ ಕಾಲದಲ್ಲಿ ಬಿ.ಎಂ.ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂಬ ಹೆಸರಿನಲ್ಲಿ ನಾಟಕರೂಪಕ್ಕೆ ತಂದರು.