ದೂರದಾರಿಯ ಗಾಡಿ, ಕೈಯಲ್ಲಿರುವ ಹಣ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗೆ ಒಂದು ಸಮಾನ ಸಂಗತಿಯಿದೆ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಹಳಿ ಕಲಬುರಗಿ, ವಾಡಿಗಳನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಕಡೆಯ ಹಳಿಯನ್ನು ಕೂಡಿಕೊಂಡಿತು. ಈ ಮೂರು ಪಟ್ಟಣಗಳು ಮಾತ್ರ ಆ ಹಳಿಯಿಂದ ದೂರವೇ ಉಳಿದವು. 1932ರಲ್ಲಿ ನಿಜಾಮರ ಸಂಸ್ಥಾನದ ರೈಲ್ವೆ ಇಲಾಖೆ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಆದರೆ ಬಸ್ಸು ಹೊರಡುವುದು ತನ್ನ ವೇಳೆಗೆ, ಹೋಗುವುದು ತನ್ನ ದಾರಿಯಲ್ಲಿ. ತನಗೆ ಬೇಕಾದಾಗ ಹೊರಡಬೇಕು, ಬೇಕಾದಲ್ಲಿ ನಿಲ್ಲಬೇಕು ಎನ್ನುವವನಿಗೆ ಮುಂದೆ ಒದಗಿ ಬಂದದ್ದು ಮೋಟಾರ್ ಸೈಕಲ್. ಈ ಭಾಗದ ಜನರ ಬಾಯಲ್ಲಿ ಅದು ‘ಫಟಫಟಿ’.

ವಿದ್ಯಾರ್ಥಿ ಮಿತ್ರರೇ, ದೂರದ ಊರುಗಳಿಗೆ ಹೋಗಿಬರಲು ಕಡಿಮೆ ಹಣದಲ್ಲಿ ಯಾವ ಹೊಸ ಗಾಡಿ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ನೀವು ಇಂದು ಕೇಳುತ್ತೀರಿ. ಪ್ರಶ್ನೆ ಹೊಸದಲ್ಲ. ಕಳೆದ ಆರು ದಶಕಗಳಲ್ಲಿ ಇದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳು ಏಕೆ ಬದಲಾದವು ಎಂಬುದನ್ನು ನೋಡಿದರೆ ನಿಮ್ಮ ಉತ್ತರವನ್ನು ನೀವೇ ಕಂಡುಕೊಳ್ಳಬಹುದು. ಎರೆ ಭೂಮಿಯ ಒಂದು ಕುಟುಂಬಕ್ಕೆ ಹೊಸ ಗಾಡಿಯೆಂದರೆ ಒಂದು ಹಂಗಾಮಿನ ತೊಗರಿಯ ಹಣ. ಆದ್ದರಿಂದ ಈ ಲೆಕ್ಕ ತಪ್ಪುವಂತಿಲ್ಲ.

ಸಿಕ್ಕಿದ್ದೇ ಆಯ್ಕೆಯಾಗಿದ್ದ ಕಾಲ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕಾರ್ಖಾನೆ ತೆರೆಯಲು ಮಾತ್ರವಲ್ಲ, ಎಷ್ಟು ವಾಹನ ತಯಾರಿಸಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಿತ್ತು. ಕೊಳ್ಳುವವನ ಮುಂದೆ ಇದ್ದದ್ದು ಕೆಲವೇ ಹೆಸರುಗಳು. 1955ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಕಂಪನಿಯ ಸಹಯೋಗದೊಡನೆ ಎನ್‌ಫೀಲ್ಡ್ ಬುಲೆಟ್ ತಯಾರಿಕೆಗೆ ಏರ್ಪಾಡಾಯಿತು. ಪೋಲೆಂಡಿನ ಮಾದರಿಯನ್ನು ಆಧರಿಸಿದ 175 ಸಿ.ಸಿ.ಯ ರಾಜದೂತ್ 1960ರ ದಶಕದ ಆರಂಭದಲ್ಲಿ ಬಂತು. ನಮ್ಮ ರಾಜ್ಯದ ಕೊಡುಗೆ ಮೈಸೂರಿನ ಜಾವಾ.

ರುಸ್ತುಂ ಇರಾನಿ, ಫರ್ರೋಖ್ ಇರಾನಿ ಎಂಬ ಉದ್ಯಮಿಗಳು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಅದರ ಕಾರ್ಖಾನೆಯಿಂದ 250 ಸಿ.ಸಿ.ಯ ಗಾಡಿಗಳು ಹೊರಬಂದವು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಸುಮಾರು 12 ಅಶ್ವಶಕ್ತಿ. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಮಡಿಸಿದರೆ ಅದು ಗೇರಿನ ಕಡ್ಡಿಯಾಗುತ್ತಿತ್ತು. 1973ರಿಂದ ಇದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು.

ಜಾವಾ, ಯೆಜ್ಡಿ, ರಾಜದೂತ್ ಇವೆಲ್ಲ ಎರಡು ಹೊಡೆತದ, ಎಂದರೆ ಟೂ-ಸ್ಟ್ರೋಕ್ ಎಂಜಿನ್ನುಗಳು. ಅದರಲ್ಲಿ ಕ್ರ್ಯಾಂಕಿನ ಪ್ರತಿಯೊಂದು ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ವಾಲ್ವುಗಳ ಗೊಡವೆಯಿಲ್ಲ, ಬಿಡಿಭಾಗಗಳು ಕಡಿಮೆ. ದೊಡ್ಡ ಸಲಕರಣೆಗಳಿಲ್ಲದ ಊರಿನಲ್ಲಿಯೂ ಬಲ್ಲ ಮಿಸ್ತ್ರಿಯೊಬ್ಬ ಅದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲನಾಗಿದ್ದ. ಅಂದು ದೂರ ಹೋಗುವ ಗಾಡಿ ಎಂದರೆ ದಾರಿಯಲ್ಲಿ ಕೆಟ್ಟರೆ ಅಲ್ಲಿಯೇ ಸರಿಯಾಗುವ ಗಾಡಿ. ಅದೇ ಮೊದಲ ಉತ್ತರ.

ಎಣ್ಣೆಯ ಬೆಲೆ ಬದಲಿಸಿದ ಲೆಕ್ಕ

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ನಡೆಯಿತು. ಕೆಲವೇ ತಿಂಗಳುಗಳಲ್ಲಿ ಜಗತ್ತಿನ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆಗ ಟೂ-ಸ್ಟ್ರೋಕಿನ ಒಂದು ದೋಷ ಎದ್ದು ಕಾಣತೊಡಗಿತು. ಸುಟ್ಟ ಅನಿಲವನ್ನು ಹೊರಗೆ ತಳ್ಳುವ ಕೆಲಸವನ್ನು ಹೊಸದಾಗಿ ಒಳಬರುವ ಪೆಟ್ರೋಲು-ಗಾಳಿಯ ಮಿಶ್ರಣವೇ ಮಾಡಬೇಕು. ಆಗ ಆ ಮಿಶ್ರಣದ ಸ್ವಲ್ಪ ಭಾಗ ಉರಿಯದೆಯೇ ಹೊರಬೀಳುತ್ತದೆ. ಕೊಂಡ ಪೆಟ್ರೋಲಿನ ಒಂದು ಪಾಲು ಸೈಲೆನ್ಸರಿನ ಮೂಲಕ ಗಾಳಿಗೆ ಹೋಗುತ್ತಿತ್ತು.

1980ರ ದಶಕದ ಮೊದಲ ವರ್ಷಗಳಲ್ಲಿ ಸರ್ಕಾರ ಸಣ್ಣ ದ್ವಿಚಕ್ರ ವಾಹನಗಳ ತಯಾರಿಕೆಯಲ್ಲಿ ವಿದೇಶಿ ಸಹಯೋಗಕ್ಕೆ ಅವಕಾಶ ಕೊಟ್ಟಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದವು. ಇವೂ ಟೂ-ಸ್ಟ್ರೋಕುಗಳೇ. ಆದರೆ 1985ರಲ್ಲಿಯೇ ಬಂದ ಹೀರೋ ಹೋಂಡಾ ಸಿಡಿ 100 ನಾಲ್ಕು ಹೊಡೆತದ ಎಂಜಿನ್ನಿನದು. ಅದರಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ಒಳಗೆ ಬರುವ, ಹೊರಗೆ ಹೋಗುವ ದಾರಿಗಳನ್ನು ವಾಲ್ವುಗಳು ಕಾಯುತ್ತವೆ. ಆದ್ದರಿಂದ ಪೋಲು ಕಡಿಮೆ. ಲೀಟರಿಗೆ 80 ಕಿ.ಮೀ. ಎಂಬ ಜಾಹೀರಾತಿನೊಡನೆ ಅದು ಮನೆಮಾತಾಯಿತು. ಬುಲೆಟ್ ಕೂಡ ನಾಲ್ಕು ಹೊಡೆತದ್ದೇ ಆಗಿತ್ತು. ಆದರೆ ಆ ವಿದ್ಯೆ ಹಗುರವಾದ, ಸಾಮಾನ್ಯರ ಗಾಡಿಗೆ ಇಳಿದು ಬಂದದ್ದು ಈಗ. ಎರಡನೆಯ ಉತ್ತರವನ್ನು ಬರೆದದ್ದು ಪೆಟ್ರೋಲಿನ ಖರ್ಚು.

ಬಳಿಕ ಕಾನೂನೂ ಇದೇ ದಿಕ್ಕಿನಲ್ಲಿ ನಡೆಯಿತು. ಪೆಟ್ರೋಲ್ ವಾಹನಗಳ ಹೊಗೆಗೆ 1991ರಲ್ಲಿ ಮೊದಲ ಮಿತಿ ಬಂತು. 1996ರಲ್ಲಿಯೂ 2000ದಲ್ಲಿಯೂ ಅದು ಬಿಗಿಯಾಯಿತು. ಇತ್ತ ಹೊಸ ನೂರು ಸಿ.ಸಿ. ಗಾಡಿಗಳ ಸ್ಪರ್ಧೆ, ಅತ್ತ ಹೊಗೆಯ ಮಿತಿ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮತ್ತೆ ಬಂದಾಗ ಅದರ ಎಂಜಿನ್ ನಾಲ್ಕು ಹೊಡೆತದ್ದಾಗಿತ್ತು, ಕಾರ್ಖಾನೆ ಮಧ್ಯಪ್ರದೇಶದಲ್ಲಿತ್ತು.

ದೂರಕ್ಕೆಂದೇ ಮಾಡಿದ ಗಾಡಿ

ಕೆಟ್ಟ ರಸ್ತೆಯಲ್ಲಿ ಸಾಮಾನು ಹೊತ್ತು ದೂರ ಹೋಗಲೆಂದೇ ರೂಪಿಸಿದ ಗಾಡಿಗಳು ನಮ್ಮ ದೇಶದಲ್ಲಿ ಮಧ್ಯಮ ವರ್ಗದ ಕೈಗೆ ಹತ್ತಿರವಾದದ್ದು ಇತ್ತೀಚೆಗೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ 1.55 ಲಕ್ಷ ರೂಪಾಯಿಗೆ, ಹೀರೋ ಎಕ್ಸ್‌ಪಲ್ಸ್ 200 ಗಾಡಿ 2019ರಲ್ಲಿ 97 ಸಾವಿರ ರೂಪಾಯಿಗೆ ಶೋರೂಮಿಗೆ ಬಂದವು. ನೆಲದಿಂದ ಎತ್ತರವಾದ ಚಾಸಿ, ದೊಡ್ಡ ಮುಂಗಾಲಿ, ಉದ್ದನೆಯ ಶಾಕ್ ಅಬ್ಸಾರ್ಬರು ಇವುಗಳ ಲಕ್ಷಣ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಗಾಲಿ ಪೂರ್ತಿ ಕಚ್ಚಿಕೊಂಡರೆ ಟೈರು ಜಾರುತ್ತದೆ, ಗಾಡಿ ಹ್ಯಾಂಡಲಿನ ಮಾತು ಕೇಳುವುದಿಲ್ಲ. ಗಾಲಿ ಹಾಗೆ ಕಚ್ಚಿಕೊಳ್ಳದಂತೆ ಈ ವ್ಯವಸ್ಥೆ ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುತ್ತದೆ. ಹೀಗೆ ರಸ್ತೆ ಮತ್ತು ಜೀವದ ಕಾಳಜಿ ಮೂರನೆಯ ಉತ್ತರವಾಗಿ ಸೇರಿಕೊಂಡಿತು.

ಇಂದಿನ ಲೆಕ್ಕ

ಈ ಮೂರು ಉತ್ತರಗಳನ್ನು ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕೋಣ. ಗಾಡಿಯನ್ನು ಐದು ವರ್ಷಗಳಲ್ಲಿ 50,000 ಕಿ.ಮೀ. ಓಡಿಸುತ್ತೀರಿ ಎಂದು ಭಾವಿಸಿ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿಗೆ 1,000 ಲೀಟರು ಬೇಕು. 30 ಕಿ.ಮೀ. ಕೊಡುವುದಕ್ಕೆ ಸುಮಾರು 1,667 ಲೀಟರು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ವ್ಯತ್ಯಾಸ 66,700 ರೂಪಾಯಿ. ಶೋರೂಮಿನ ಬೆಲೆಯಲ್ಲಿ ಹತ್ತು ಸಾವಿರ ಉಳಿಸಿದೆನೆಂದು ಹಿಗ್ಗುವವರು ಈ ಅಂಕಿಯನ್ನು ಗಮನಿಸಬೇಕು. ಶೋರೂಮಿನ ಬೆಲೆಯ ಮೇಲೆ ನೋಂದಣಿ, ರಸ್ತೆ ತೆರಿಗೆ, ವಿಮೆ ಸೇರುತ್ತವೆ. 2025ರ ಸೆಪ್ಟೆಂಬರ್ 22ರಂದು 350 ಸಿ.ಸಿ.ವರೆಗಿನ ಗಾಡಿಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು, ಅದಕ್ಕೂ ದೊಡ್ಡವಕ್ಕೆ ಶೇಕಡಾ 40 ಆಯಿತು. ಹಣ ಕಡಿಮೆಯಿದ್ದವರಿಗೆ 350ರ ಒಳಗೇ ನೋಡಲು ಇದೂ ಒಂದು ಕಾರಣ.

ಹೆಚ್ಚು ಅಶ್ವಶಕ್ತಿ ಬೇಡವೇ ಎಂದು ಕೇಳಬಹುದು. ಗಾಳಿಯ ಎದುರು ನುಗ್ಗಲು ಬೇಕಾದ ಶಕ್ತಿ ವೇಗದ ಘನದ ಅನುಪಾತದಲ್ಲಿ ಏರುತ್ತದೆ. 60ರ ಬದಲು 80 ಕಿ.ಮೀ. ವೇಗದಲ್ಲಿ ಹೋದರೆ ಅದಕ್ಕೆ ಸುಮಾರು 2.4 ಪಟ್ಟು ಶಕ್ತಿ ಬೇಕು. ನಿಲ್ಲಿಸುವ ಲೆಕ್ಕವೂ ಹೀಗೆಯೇ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಸಮಾಧಾನದ ವೇಗದಲ್ಲಿ ದಿನವಿಡೀ ಓಡುವವನಿಗೆ ಸಾಧಾರಣ ಎಂಜಿನ್ನು ಸಾಕು. ಉಳಿದ ಹಣವನ್ನು ಒಳ್ಳೆಯ ಬ್ರೇಕು, ಒಳ್ಳೆಯ ಟೈರು, ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟುಗಳಿಗೆ ಹಾಕಬಹುದು.

ಇನ್ನು ನಿಮ್ಮ ನೆಲದ ಪರೀಕ್ಷೆ. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯನ್ನೇ ನಿಲ್ಲಿಸುತ್ತದೆ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗವಿದೆ ಎಂದು ಕೈಯಿಟ್ಟು ನೋಡಿ. ಬಾಗಿದ ಕಡ್ಡಿಗಾಲಿಯನ್ನು ಮಿಸ್ತ್ರಿ ನೇರ ಮಾಡಬಲ್ಲ. ಅಲಾಯ್ ಗಾಲಿ ಸೀಳಿದರೆ ಹೊಸದೇ ಬೇಕಾಗಬಹುದು. ಆದರೆ ಟ್ಯೂಬಿಲ್ಲದ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಗಾಲಿ ಕಳಚದೆಯೇ ಪಂಕ್ಚರು ಹಾಕಬಹುದು. ಎರಡರಲ್ಲಿ ಯಾವುದು ಎಂಬುದು ನೀವು ಹೋಗುವ ರಸ್ತೆಗೆ ಬಿಟ್ಟದ್ದು. ಬೇಸಗೆಯಲ್ಲಿ ಈ ಭಾಗದ ತಾಪಮಾನ 40 ಡಿಗ್ರಿ ದಾಟುತ್ತದೆ, ಆಗ ಎಂಜಿನ್ ಎಣ್ಣೆಯ ಮಟ್ಟ ನೋಡುವುದನ್ನು ಮರೆಯಬಾರದು. ಆಳಂದವಾಗಲಿ ಜೇವರ್ಗಿಯಾಗಲಿ ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರ. ಒಂದು ಕೇಬಲ್ಲಿಗಾಗಿ ಪ್ರತಿಸಲ ಅಷ್ಟು ದೂರ ಹೋಗಬೇಕಾದ ಗಾಡಿ ಅಗ್ಗವಾಗಿ ಸಿಕ್ಕರೂ ಅಗ್ಗದ್ದಲ್ಲ.

ಜೇವರ್ಗಿಯಿಂದ ಹೊರಡುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು ಮಾರ್ಗವಾಗಿ, ಜಾವಾ ತಯಾರಾಗುತ್ತಿದ್ದ ಮೈಸೂರನ್ನು ಹಾದು ಚಾಮರಾಜನಗರ ತಲುಪುತ್ತದೆ. ಗೇರಿನ ಗಾಡಿ ಓಡಿಸಲು ಹದಿನೆಂಟು ತುಂಬಿ ಪರವಾನಗಿ ಪಡೆದ ಮೇಲೆ ಆ ದಾರಿ ನಿಮ್ಮದೂ ಹೌದು.

ನೀವೇ ಮಾಡಿ ನೋಡಿ: ನಿಮ್ಮ ಊರಿನಲ್ಲಿ ರಾಜದೂತ್, ಯೆಜ್ಡಿ ಅಥವಾ ಸಿಡಿ 100 ಓಡಿಸಿದ ಹಿರಿಯರೊಬ್ಬರನ್ನು ಕಂಡು ಮಾತನಾಡಿಸಿ. ಗಾಡಿಗೆ ಕೊಟ್ಟ ಬೆಲೆ, ಆಗಿನ ಪೆಟ್ರೋಲಿನ ದರ, ಲೀಟರಿಗೆ ಸಿಕ್ಕ ಕಿ.ಮೀ., ರಿಪೇರಿ ಮಾಡುತ್ತಿದ್ದ ಊರು, ಹೋದ ಅತಿ ದೂರದ ಪ್ರಯಾಣ ಇವನ್ನು ಒಂದು ಕೋಷ್ಟಕದಲ್ಲಿ ಬರೆಯಿರಿ. ಪಕ್ಕದಲ್ಲಿ ನೀವು ಮೆಚ್ಚಿದ ಹೊಸ ಗಾಡಿಯ ವಿವರಗಳನ್ನು ಬರೆಯಿರಿ. ಶೋರೂಮಿಗೆ ಹೋಗುವ ದಿನ ಆ ಹಾಳೆ ನಿಮ್ಮ ಜೇಬಿನಲ್ಲಿರಲಿ.